ಹಳೇ ನೆಟ್‌ಬುಕ್‌ನಲ್ಲಿ ಆಪ್ಟ್ ಅಪ್‌ಡೇಟ್ ಆಗುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಸರ್. ನಾನು ಶಾಲಾ ಶಿಕ್ಷಕಿ. ನನ್ನ ಹತ್ತಿರ ಒಂದು ಹಳೇ ನೆಟ್‌ಬುಕ್ ಇದೆ. ಇಂಟೆಲ್ ಆಟಮ್ ಎನ್270 ಪ್ರೊಸೆಸರ್, 1 ಜಿಬಿ ರ‍್ಯಾಮ್. ಅದರಲ್ಲಿ 32 ಬಿಟ್‌ನ ಡೆಬಿಯನ್ 10 ಲಿನಕ್ಸ್, ಎಲ್‌ಎಕ್ಸ್‌ಡಿಇ ಡೆಸ್ಕ್‌ಟಾಪ್ ಇದೆ. ಕೆಲವು ವರ್ಷ ಕಪಾಟಿನಲ್ಲೇ ಇತ್ತು. ಈಗ ಮಕ್ಕಳ ಗೋಡೆ ಪತ್ರಿಕೆಗೆ ಕನ್ನಡ ಟೈಪ್ ಮಾಡಲು ಹೊರಗೆ ತೆಗೆದಿದ್ದೇನೆ. ಕನ್ನಡ ಫಾಂಟ್ ಹಾಕೋಣವೆಂದು ಶಾಲೆಯ ವೈಫೈಯಲ್ಲಿ ಆಪ್ಟ್ ಅಪ್‌ಡೇಟ್ (ತಂತ್ರಾಂಶಗಳ ಹೊಸ ಪಟ್ಟಿ ತರುವ ಕಮಾಂಡ್) ಕೊಟ್ಟರೆ 'ನೋಸ್‌ಪ್ಲಿಟ್' ಎಂದು ಬಂತು. ಮನೆಯಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಹಾಕಿ ನೋಡಿದೆ, '404' ಮತ್ತು 'ನೋ ಲಾಂಗರ್ ಹ್ಯಾವ್ ಎ ರಿಲೀಸ್ ಫೈಲ್' ಎಂದಿತು. ಶಾಲೆಯಲ್ಲಿ ಸಹೋದ್ಯೋಗಿಯೊಬ್ಬರು ವೈಫೈಗೆ ಲಾಗಿನ್ ಆಗಿ, ಯಾವುದೋ ಆರ್ಕೈವ್ ವಿಳಾಸ ಹಾಕಿಕೊಟ್ಟರು. ಈಗ 'ನಾಟ್ ವ್ಯಾಲಿಡ್ ಯೆಟ್' ಎನ್ನುತ್ತಿದೆ, ಇನ್ನೂ ನೂರಾರು ದಿನ ಬಾಕಿ ಎಂದು ತೋರಿಸುತ್ತಿದೆ. ಕೊನೆಗೆ ಪೆನ್‌ಡ್ರೈವ್‌ನಿಂದ ಒಂದು ಡೆಬ್ ಫೈಲ್ (ಡೆಬಿಯನ್ ಪ್ಯಾಕೇಜ್) ಹಾಕುತ್ತಿದ್ದಾಗ ಕರೆಂಟ್ ಹೋಯಿತು. ಈಗ ಏನು ಮಾಡಿದರೂ 'ಡಿಪಿಕೆಜಿ ವಾಸ್ ಇಂಟರಪ್ಟೆಡ್'. 'ಟ್ರಸ್ಟೆಡ್=ಯೆಸ್' ಎಂದು ಸೇರಿಸಿ, ಲಾಕ್ ಫೈಲ್ ಅಳಿಸಿ ಎಂದು ಒಬ್ಬರು ಹೇಳುತ್ತಿದ್ದಾರೆ. ಹಾಗೆ ಮಾಡಲಾ? ಅಥವಾ ಈ ಮಷೀನನ್ನೇ ಗುಜರಿಗೆ ಹಾಕಲಾ?

ಉತ್ತರ: ನಮಸ್ಕಾರ ಮೇಡಂ. ಗುಜರಿಗೆ ಹಾಕಬೇಡಿ. ಎನ್270 ಬಂದದ್ದು 2008ರಲ್ಲಿ. ಹಳೆಯದು ನಿಜ, ಆದರೆ ಕನ್ನಡ ಟೈಪ್ ಮಾಡಿ ಪ್ರಿಂಟ್ ಕೊಡುವ ಕೆಲಸಕ್ಕೆ ಧಾರಾಳ ಸಾಕು. 'ಟ್ರಸ್ಟೆಡ್=ಯೆಸ್' ಸೇರಿಸಬೇಡಿ. ಲಾಕ್ ಫೈಲನ್ನೂ ಅಳಿಸಬೇಡಿ. ಯಾಕೆ ಎಂದು ಮುಂದೆ ಹೇಳುತ್ತೇನೆ.

ನಿಮ್ಮ ಮಷೀನಿಗೆ ಬಂದಿರುವುದು ನಾಲ್ಕು ಬೇರೆ ಬೇರೆ ತೊಂದರೆಗಳು. ಒಂದರ ಹಿಂದೆ ಒಂದು ಅಡಗಿ ಕೂತಿವೆ. ಅದಕ್ಕೇ ಒಂದನ್ನು ಸರಿ ಮಾಡಿದ ತಕ್ಷಣ ಇನ್ನೊಂದು ಎದ್ದು ಬರುತ್ತಿದೆ. ನಿಮಗೆ 'ಏನು ಮಾಡಿದರೂ ಆಗ್ತಿಲ್ಲ' ಅನ್ನಿಸುತ್ತಿದೆ. ಆದರೆ ಸಂದೇಶ ಪ್ರತಿ ಸಲ ಬದಲಾಗಿದೆ, ಗಮನಿಸಿ. ಎಂದರೆ ನೀವು ಮುಂದೆ ಹೋಗಿದ್ದೀರಿ. ನಾಲ್ಕಕ್ಕೂ ಪರಿಹಾರ ಇದೆ, ಒಂದಕ್ಕೂ ಅಡ್ಡದಾರಿ ಬೇಕಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿ. 'ಸುಡೊ' ಕೆಲಸ ಮಾಡದಿದ್ದರೆ ಮೊದಲು 'ಸು -' ಕೊಟ್ಟು ರೂಟ್ (ಪೂರ್ಣ ಅಧಿಕಾರದ ಖಾತೆ) ಪಾಸ್‌ವರ್ಡ್ ಹಾಕಿಕೊಳ್ಳಿ. ಡೆಬಿಯನ್ ಇನ್‌ಸ್ಟಾಲ್ ಮಾಡುವಾಗ ರೂಟ್ ಪಾಸ್‌ವರ್ಡ್ ಕೊಟ್ಟಿದ್ದರೆ ಸುಡೊ ತಾನಾಗಿ ಸಿಗುವುದಿಲ್ಲ.

ಆಪ್ಟ್ ಅಪ್‌ಡೇಟ್ ಕೊಟ್ಟಾಗ ಒಳಗೆ ಏನು ನಡೆಯುತ್ತದೆ ಎಂದು ತಿಳಿದರೆ ಈ ನಾಲ್ಕೂ ಸಂದೇಶಗಳು ಅರ್ಥವಾಗುತ್ತವೆ. ಆಪ್ಟ್ ಮೊದಲು ಸೋರ್ಸಸ್ ಡಾಟ್ ಲಿಸ್ಟ್ ಎಂಬ ಫೈಲ್ ಓದುತ್ತದೆ. ಯಾವ ಸರ್ವರ್, ಯಾವ ಆವೃತ್ತಿ ಎಂದು ಅಲ್ಲಿ ಬರೆದಿರುತ್ತದೆ. ಆಮೇಲೆ ಆ ಸರ್ವರಿನಿಂದ ಇನ್‌ರಿಲೀಸ್ ಎಂಬ ಒಂದು ಸಣ್ಣ ಫೈಲ್ ತರುತ್ತದೆ. ಇದಕ್ಕೆ ಡೆಬಿಯನ್‌ನವರ ಡಿಜಿಟಲ್ ಸಹಿ ಇರುತ್ತದೆ. ಆ ಸಹಿಯನ್ನು ಪರೀಕ್ಷಿಸುವ ಕೀಗಳು ನಿಮ್ಮ ಮಷೀನಿನಲ್ಲೇ ಮೊದಲಿನಿಂದ ಇವೆ. ಇನ್‌ರಿಲೀಸ್ ಒಳಗೆ ಪ್ಯಾಕೇಜ್ ಪಟ್ಟಿಗಳ ಎಸ್‌ಎಚ್‌ಎ256 ಮೊತ್ತ, ಎಂದರೆ ಫೈಲಿನ ಬೆರಳಚ್ಚಿನಂಥ ಸಂಖ್ಯೆ, ಇರುತ್ತದೆ. ಪಟ್ಟಿಯೊಳಗೆ ಪ್ರತಿಯೊಂದು ಡೆಬ್ ಫೈಲಿನ ಮೊತ್ತ ಇರುತ್ತದೆ. ಹೀಗೆ ಒಂದು ಸಹಿಯಿಂದ ಹಿಡಿದು ಕೊನೆಯ ಫೈಲಿನವರೆಗೆ ಸರಪಳಿ. ಅದಕ್ಕೇ ಡೆಬಿಯನ್ ಸಾದಾ ಎಚ್‌ಟಿಟಿಪಿಯಲ್ಲೂ ಭಯವಿಲ್ಲದೆ ಪ್ಯಾಕೇಜ್ ಹಂಚಬಲ್ಲದು. ದಾರಿಯಲ್ಲಿ ಯಾರಾದರೂ ಒಂದಕ್ಷರ ಬದಲಿಸಿದರೂ ಮೊತ್ತ ತಾಳೆಯಾಗುವುದಿಲ್ಲ, ಆಪ್ಟ್ ಬೇಡವೆನ್ನುತ್ತದೆ.

'ಟ್ರಸ್ಟೆಡ್=ಯೆಸ್' ಹಾಕಿದರೆ ಈ ಸರಪಳಿಯ ಮೊದಲ ಕೊಂಡಿಯೇ ಕಳಚುತ್ತದೆ. ಸೀಲ್ ಇಲ್ಲದ ಗ್ಯಾಸ್ ಸಿಲಿಂಡರನ್ನು ನೀವು ಒಳಗೆ ತೆಗೆದುಕೊಳ್ಳುವುದಿಲ್ಲ, ಅಲ್ವಾ? ಪ್ಯಾಕೇಜ್ ಅದಕ್ಕಿಂತ ಹೆಚ್ಚು ಒಳಗೆ ಬರುತ್ತದೆ. ಅದರ ಸ್ಕ್ರಿಪ್ಟ್‌ಗಳು ರೂಟ್ ಅಧಿಕಾರದಲ್ಲಿ ಓಡುತ್ತವೆ. ಇನ್ನೂ ಒಂದು ಮಾತು. ನಿಮ್ಮ ನಾಲ್ಕು ತೊಂದರೆಗಳಲ್ಲಿ ಒಂದು ಕೂಡ ಸಹಿ ಸರಿಯಿಲ್ಲ ಎಂಬುದಲ್ಲ. ಹಾಗಾಗಿ ಈ ಸಲಹೆ ಪಾಲಿಸಿದ್ದರೂ ಏನೂ ಬಗೆಹರಿಯುತ್ತಿರಲಿಲ್ಲ. ರಕ್ಷಣೆ ಮಾತ್ರ ಹೋಗುತ್ತಿತ್ತು.

ಸಂದೇಶ ಓದುವಾಗ ಮೊದಲ ಅಕ್ಷರ ನೋಡಿ. 'ಇ' ಎಂದಿದ್ದರೆ ಎರರ್, ಕೆಲಸ ನಿಂತಿದೆ. 'ಡಬ್ಲ್ಯು' ಎಂದಿದ್ದರೆ ಎಚ್ಚರಿಕೆ. 'ಎನ್' ಎಂದಿದ್ದರೆ ಬರೀ ಸೂಚನೆ. ತುಂಬಾ ಜನ ಕೊನೆಯ ಸಾಲನ್ನು ಮಾತ್ರ ಓದುತ್ತಾರೆ. ಅಲ್ಲಿ ಸಾಮಾನ್ಯವಾಗಿ ಇರುವುದು ಪರಿಣಾಮ. ಕಾರಣ ಇರುವುದು ಮೊದಲು ಬಂದ 'ಇ' ಸಾಲಿನಲ್ಲಿ. ಮೇಲಿನಿಂದ ಕೆಳಕ್ಕೆ ಓದಿ.

ಈಗ ನೋಸ್‌ಪ್ಲಿಟ್. ಪೂರ್ತಿ ಸಾಲು ನೋಡಿದ್ದರೆ ಕೊನೆಯಲ್ಲಿ ಆಪ್ಟ್ ಒಂದು ಪ್ರಶ್ನೆಯನ್ನೂ ಕೇಳಿರುತ್ತದೆ: ಈ ನೆಟ್‌ವರ್ಕಿಗೆ ಲಾಗಿನ್ ಬೇಕೇ ಎಂದು. ಅದೇ ಉತ್ತರ. ಶಾಲೆಯ ವೈಫೈಗೆ ಬ್ರೌಸರ್‌ನಲ್ಲಿ ಲಾಗಿನ್ ಆಗಬೇಕು. ಆಗುವವರೆಗೆ ನೀವು ಯಾವ ವಿಳಾಸ ಕೇಳಿದರೂ ಲಾಗಿನ್ ಪುಟವನ್ನೇ ಕಳಿಸುತ್ತದೆ. ಆಪ್ಟ್ ಸಹಿ ಇರುವ ಫೈಲ್ ಕೇಳಿತು, ಸಿಕ್ಕಿದ್ದು ಲಾಗಿನ್ ಪುಟ. ಅದರಲ್ಲಿ ಸಹಿ ಎಲ್ಲಿಂದ ಬರಬೇಕು? ಬ್ರೌಸರ್ ತೆರೆದು ಲಾಗಿನ್ ಆದರೆ ಇದು ಮುಗಿಯಿತು. ನಿಮ್ಮ ಸಹೋದ್ಯೋಗಿ ಮಾಡಿದ್ದು ಅದನ್ನೇ.

ಇನ್ನು 'ನಾಟ್ ವ್ಯಾಲಿಡ್ ಯೆಟ್'. ನನಗೆ ಇದೇ ಜಾಸ್ತಿ ಮುಖ್ಯ ಅನ್ನಿಸುತ್ತದೆ, ಯಾಕೆಂದರೆ ಜನ ಇದನ್ನು ನೆಟ್‌ವರ್ಕ್ ತೊಂದರೆ ಎಂದುಕೊಂಡು ಸರ್ವರ್ ಬದಲಿಸುತ್ತಾ ಕೂರುತ್ತಾರೆ. ಇದು ಗಡಿಯಾರದ ತೊಂದರೆ. ಇನ್‌ರಿಲೀಸ್ ಫೈಲಿಗೆ ಒಂದು ತಾರೀಖು ಇರುತ್ತದೆ. ಆ ತಾರೀಖು ನಿಮ್ಮ ಮಷೀನಿನ ಪ್ರಕಾರ ಇನ್ನೂ ಬಂದಿಲ್ಲ. 'ಇಷ್ಟು ದಿನ ಬಾಕಿ' ಎಂದು ಅದು ಹೇಳುವುದು ಅದಕ್ಕೇ. ಡೆಬಿಯನ್ 10ರ ಕೊನೆಯ ಪಾಯಿಂಟ್ ರಿಲೀಸ್ 10.13 ಬಂದದ್ದು 2022ರ ಸೆಪ್ಟೆಂಬರ್ 10ರಂದು. ನಿಮ್ಮ ನೆಟ್‌ಬುಕ್ ಅದಕ್ಕಿಂತ ಹಿಂದಿನ ಕಾಲದಲ್ಲಿ ಇದೆ.

ಕಾರಣ ಬಹುಶಃ ಮದರ್‌ಬೋರ್ಡಿನ ಸಣ್ಣ ಬಟನ್ ಸೆಲ್. ಹೆಚ್ಚಿನ ಮಷೀನುಗಳಲ್ಲಿ ಅದು ಸಿಆರ್2032. ವರ್ಷಗಟ್ಟಲೆ ಕಪಾಟಿನಲ್ಲಿದ್ದರೆ ಖಾಲಿಯಾಗಿರುತ್ತದೆ. ಆಗ ಚಾರ್ಜರ್ ತೆಗೆದ ಕೂಡಲೇ ಸಮಯ ಮರೆತುಹೋಗುತ್ತದೆ. ಆದರೂ ಇದು ಕಣ್ಣಿಗೆ ಬೀಳುವುದಿಲ್ಲ, ಅದಕ್ಕೊಂದು ಕಾರಣವಿದೆ. ಡೆಬಿಯನ್‌ನಲ್ಲಿ ಹಿನ್ನೆಲೆ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ ಗಡಿಯಾರವನ್ನು 1970ಕ್ಕೋ 2008ಕ್ಕೋ ಹೋಗಲು ಬಿಡುವುದಿಲ್ಲ. ಅದರ ಟೈಮ್‌ಸಿಂಕ್‌ಡಿ ಕೊನೆಯ ಸಲ ಉಳಿಸಿಟ್ಟ ಸಮಯದಿಂದ ಶುರು ಮಾಡುತ್ತದೆ. ಹಾಗಾಗಿ ಮೂಲೆಯಲ್ಲಿ ಕಾಣುವ ತಾರೀಖು ನಂಬುವಂತೆಯೇ ಇರುತ್ತದೆ. ದಿನ, ತಿಂಗಳು ನೋಡುತ್ತೇವೆ, ವರ್ಷ ಯಾರು ನೋಡುತ್ತಾರೆ?

ಹಾಗಾದರೆ ಇಂಟರ್ನೆಟ್ ಸಿಕ್ಕ ಕೂಡಲೇ ಅದು ತಾನಾಗಿ ಸರಿಯಾಗಬೇಕಿತ್ತು ಅಲ್ವಾ? ಸಮಯ ಹೊಂದಿಸುವ ಸೇವೆ ನಿಂತಿದ್ದರೆ ಮನೆಯ ಹಾಟ್‌ಸ್ಪಾಟ್‌ನಲ್ಲೂ ಆಗುವುದಿಲ್ಲ. ಸೇವೆ ಓಡುತ್ತಿದ್ದರೂ ಶಾಲೆ, ಕಾಲೇಜು, ಆಫೀಸುಗಳ ನೆಟ್‌ವರ್ಕಿನಲ್ಲಿ ವೆಬ್ ಪುಟ ನೋಡಲು ಬೇಕಾದ ದಾರಿ ಮಾತ್ರ ತೆರೆದಿರುವುದು ಸಾಮಾನ್ಯ. ಸಮಯ ಕೇಳುವ ಎನ್‌ಟಿಪಿ ಬೇರೆ ದಾರಿಯಲ್ಲಿ ಹೋಗುತ್ತದೆ, ಯುಡಿಪಿ 123ನೇ ಪೋರ್ಟ್‌ನಲ್ಲಿ. ಅದು ಮುಚ್ಚಿದ್ದರೆ ಬ್ರೌಸರ್ ಓಡುತ್ತದೆ, ಗಡಿಯಾರ ಸರಿಯಾಗುವುದಿಲ್ಲ. ಮನೆಯಲ್ಲಿ ಈ ಸಂದೇಶ ಬರಲಿಲ್ಲ, ಯಾಕೆಂದರೆ ಅಲ್ಲಿ ರಿಲೀಸ್ ಫೈಲೇ ಸಿಗದೆ 404 ಬಂತು, ತಾರೀಖು ನೋಡುವ ಹಂತವೇ ಬರಲಿಲ್ಲ.

ಪರೀಕ್ಷೆ ಸುಲಭ. 'ಟೈಮ್‌ಡೇಟ್‌ಸಿಟಿಎಲ್' ಎಂದು ಕೊಡಿ. 'ಸಿಸ್ಟಮ್ ಕ್ಲಾಕ್ ಸಿಂಕ್ರನೈಸ್ಡ್' ಎದುರು 'ನೋ' ಇದ್ದರೆ ಗಡಿಯಾರ ತಾಳೆಯಾಗಿಲ್ಲ. 'ಎನ್‌ಟಿಪಿ ಸರ್ವಿಸ್' ಎದುರು 'ಇನ್‌ಆಕ್ಟಿವ್' ಇದ್ದರೆ 'ಸುಡೊ ಟೈಮ್‌ಡೇಟ್‌ಸಿಟಿಎಲ್ ಸೆಟ್-ಎನ್‌ಟಿಪಿ ಟ್ರೂ' ಕೊಟ್ಟು, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಒಂದೆರಡು ನಿಮಿಷ ಬಿಡಿ. ಹಾಟ್‌ಸ್ಪಾಟ್ ಇಲ್ಲದಿದ್ದರೆ ಕೈಯಾರೆ ಹಾಕಬಹುದು: 'ಸುಡೊ ಡೇಟ್ -ಎಸ್' ಎಂದು ಬರೆದು, ಉದ್ಧರಣ ಚಿಹ್ನೆಯೊಳಗೆ ವರ್ಷ-ತಿಂಗಳು-ದಿನ, ಒಂದು ಸ್ಪೇಸ್, ಗಂಟೆ:ನಿಮಿಷ ಕೊಡಿ. ಆಮೇಲೆ 'ಸುಡೊ ಎಚ್‌ಡಬ್ಲ್ಯುಕ್ಲಾಕ್ -ಡಬ್ಲ್ಯು' ಕೊಟ್ಟರೆ ಅದು ಹಾರ್ಡ್‌ವೇರ್ ಗಡಿಯಾರಕ್ಕೂ ಹೋಗುತ್ತದೆ. ಸೆಲ್ ಸತ್ತಿದ್ದರೆ ಮುಂದಿನ ಸಲ ಮತ್ತೆ ಮರೆಯುತ್ತದೆ. ಸಾಧ್ಯವಾದಾಗ ಸೆಲ್ ಬದಲಿಸಿ. ಕೆಲವು ನೆಟ್‌ಬುಕ್‌ಗಳಲ್ಲಿ ಅದಕ್ಕೆ ವೈರ್ ಸೇರಿಸಿ ಬೆಸೆದಿರುತ್ತಾರೆ, ರಿಪೇರಿಯವರಿಗೆ ಕೊಡುವುದೇ ಒಳ್ಳೆಯದು.

ಗಡಿಯಾರ ಸರಿಯಾಗುವವರೆಗೆ ಬೇರೆ ಯಾವುದನ್ನೂ ಮುಟ್ಟಬೇಡಿ. ಸಮಯ ತಪ್ಪಿದ್ದರೆ ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್‌ಗಳೂ ಕೈಕೊಡುತ್ತವೆ. ಒಂದರ ಗೊಂದಲದಲ್ಲಿ ಇನ್ನೊಂದು ಸೇರಿಕೊಳ್ಳುತ್ತದೆ.

ಈಗ 404. ಇದರಲ್ಲಿ ಎರಡು ಬಗೆ ಇದೆ, ಬೇರೆ ಬೇರೆಯಾಗಿ ನೋಡಬೇಕು. ಯಾವುದೋ ಒಂದು ಡೆಬ್ ಫೈಲಿಗೆ 404 ಬಂದರೆ ನಿಮ್ಮ ಪಟ್ಟಿ ಹಳೆಯದು ಎಂದರ್ಥ. ಸರ್ವರ್‌ನಲ್ಲಿ ಹೊಸ ಆವೃತ್ತಿ ಬಂದು ಹಳೆಯದು ಹೋಗಿದೆ. ಒಮ್ಮೆ ಆಪ್ಟ್ ಅಪ್‌ಡೇಟ್ ಕೊಟ್ಟರೆ ಸರಿ. ಆದರೆ ರಿಲೀಸ್ ಫೈಲಿಗೇ 404 ಬಂದರೆ ಆ ಆವೃತ್ತಿಯೇ ಆ ಸರ್ವರ್ ಬಿಟ್ಟು ಹೋಗಿದೆ. ನಿಮ್ಮದು ಎರಡನೆಯದು.

ಡೆಬಿಯನ್ 10ಕ್ಕೆ ಬಸ್ಟರ್ ಎಂದು ಹೆಸರು. 2019ರ ಜುಲೈ 6ರಂದು ಬಂತು. ಅದರ ದೀರ್ಘಾವಧಿ ಬೆಂಬಲ 2024ರ ಜೂನ್ 30ಕ್ಕೆ ಮುಗಿಯಿತು. ಬೆಂಬಲ ಮುಗಿದ ಆವೃತ್ತಿಗಳನ್ನು ಡೆಬಿಯನ್‌ನವರು ಅಳಿಸುವುದಿಲ್ಲ. ಮುಖ್ಯ ಸರ್ವರ್‌ಗಳಿಂದ ತೆಗೆದು ಆರ್ಕೈವ್ ಡಾಟ್ ಡೆಬಿಯನ್ ಡಾಟ್ ಆರ್ಗ್‌ನಲ್ಲಿ ಇಡುತ್ತಾರೆ. 1990ರ ದಶಕದ ಆವೃತ್ತಿಗಳೂ ಅಲ್ಲಿವೆ. ಹಳೇ ಮಷೀನ್ ಬಳಸುವವರಿಗೆ ಇದು ದೊಡ್ಡ ಉಪಕಾರ. ಹಾಗಾಗಿ ನಿಮ್ಮ ಸಹೋದ್ಯೋಗಿ ತೋರಿಸಿದ ದಾರಿ ಸರಿಯಾಗಿಯೇ ಇದೆ. ಗಡಿಯಾರ ಅಡ್ಡ ಬಂತು, ಅಷ್ಟೇ.

ಅವರು ಬರೆದದ್ದು ಪೂರ್ತಿ ಇದೆಯೇ ನೋಡಿಕೊಳ್ಳಿ. 'ಸುಡೊ ನ್ಯಾನೊ /ಇಟಿಸಿ/ಆಪ್ಟ್/ಸೋರ್ಸಸ್.ಲಿಸ್ಟ್' ಎಂದು ತೆರೆಯಿರಿ. ಎರಡು ಸಾಲು ಇದ್ದರೆ ಸಾಕು:

ಡೆಬ್ ಎಚ್‌ಟಿಟಿಪಿ://ಆರ್ಕೈವ್.ಡೆಬಿಯನ್.ಆರ್ಗ್/ಡೆಬಿಯನ್ ಬಸ್ಟರ್ ಮೇನ್ ಕಾಂಟ್ರಿಬ್ ನಾನ್-ಫ್ರೀ

ಡೆಬ್ ಎಚ್‌ಟಿಟಿಪಿ://ಆರ್ಕೈವ್.ಡೆಬಿಯನ್.ಆರ್ಗ್/ಡೆಬಿಯನ್-ಸೆಕ್ಯುರಿಟಿ ಬಸ್ಟರ್/ಅಪ್‌ಡೇಟ್ಸ್ ಮೇನ್ ಕಾಂಟ್ರಿಬ್ ನಾನ್-ಫ್ರೀ

'ಬಸ್ಟರ್-ಅಪ್‌ಡೇಟ್ಸ್', 'ಬ್ಯಾಕ್‌ಪೋರ್ಟ್ಸ್', 'ಸಿಡಿರಾಮ್' ಎಂಬ ಸಾಲುಗಳಿದ್ದರೆ ಮುಂದೆ ಹ್ಯಾಶ್ ಚಿಹ್ನೆ ಹಾಕಿ ನಿಲ್ಲಿಸಿ. ಅದೇ ಫೋಲ್ಡರಿನ ಸೋರ್ಸಸ್.ಲಿಸ್ಟ್.ಡಿ ಒಳಗೂ ನೋಡಿ. ಯಾವಾಗಲೋ ಹಾಕಿದ ಬ್ರೌಸರಿನದೋ ಬೇರೆ ತಂತ್ರಾಂಶದ್ದೋ ಫೈಲ್ ಅಲ್ಲಿ ಉಳಿದಿದ್ದರೆ ಅದು ಬೇರೆ ಎರರ್ ತರುತ್ತದೆ.

ಅಪ್‌ಡೇಟ್ ಕೊಟ್ಟರೆ ಈಗ ಮೊದಲ ಸಾಲು ಸಲೀಸಾಗಿ ಬರಬೇಕು. ಎರಡನೇ ಸಾಲಿಗೆ ಇನ್ನೊಂದು ಸಂದೇಶ ಬರಬಹುದು, ಗಾಬರಿಯಾಗಬೇಡಿ: 'ಎಕ್ಸ್‌ಪೈರ್ಡ್'. ಗಡಿಯಾರ ಹಿಂದಿದ್ದಾಗ 'ಇನ್ನೂ ಬಂದಿಲ್ಲ' ಎಂದಿತ್ತು, ಸರಿಯಾದ ಮೇಲೆ 'ಅವಧಿ ಮುಗಿದಿದೆ' ಎನ್ನುತ್ತದೆ. ಸೆಕ್ಯುರಿಟಿ ಪಟ್ಟಿಗೆ ಇಂತಿಷ್ಟು ದಿನ ಮಾತ್ರ ನಂಬಿ ಎಂಬ ಗಡುವು ಇರುತ್ತದೆ. ಯಾರಾದರೂ ಹಳೇ ಪಟ್ಟಿಯನ್ನೇ ಕೊಟ್ಟು, ಹೊಸ ಭದ್ರತಾ ತಿದ್ದುಪಡಿ ನಿಮಗೆ ಕಾಣದಂತೆ ಮಾಡಬಾರದು ಎಂಬುದೇ ಈ ಗಡುವಿನ ಉದ್ದೇಶ. ಆರ್ಕೈವ್‌ಗೆ ಹೋದ ಪಟ್ಟಿಗೆ ಹೊಸದಾಗಿ ಸಹಿ ಬೀಳುವುದಿಲ್ಲ, ಗಡುವು ಮೀರಿರುತ್ತದೆ. ಇಲ್ಲಿ ಮಾತ್ರ, ಈ ಒಂದು ಸಲಕ್ಕೆ ಮಾತ್ರ, ಗಡುವಿನ ಪರೀಕ್ಷೆ ಬಿಡಲು ಹೇಳಬಹುದು:

ಸುಡೊ ಆಪ್ಟ್ -ಒ ಅಕ್ವೈರ್::ಚೆಕ್-ವ್ಯಾಲಿಡ್-ಅಂಟಿಲ್=ಫಾಲ್ಸ್ ಅಪ್‌ಡೇಟ್

ಸಹಿಯ ಪರೀಕ್ಷೆ ಆಗಲೂ ನಡೆಯುತ್ತದೆ, ತಾರೀಖಿನದು ಮಾತ್ರ ಬಿಟ್ಟುಹೋಗುತ್ತದೆ. ಇದನ್ನು ಕಾನ್ಫಿಗ್ ಫೈಲಿನಲ್ಲಿ ಬರೆದು ಕಾಯಂ ಮಾಡಿ ಎಂದು ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನಾಳೆ ಹೊಸ ಆವೃತ್ತಿಗೆ ಹೋದ ಮೇಲೂ ಆ ಸಾಲು ಅಲ್ಲೇ ಇರುತ್ತದೆ. ಆಗ ಅದು ನಿಜವಾಗಿ ಬೇಕಾದ ರಕ್ಷಣೆಯನ್ನು ತೆಗೆದುಹಾಕಿರುತ್ತದೆ, ನಿಮಗೆ ನೆನಪೂ ಇರುವುದಿಲ್ಲ.

'ನೋ ಪಬ್‌ಕೀ' ಎಂದು ಬಂದರೆ ಮಾತ್ರ ಅದು ಕೀ ಸಮಸ್ಯೆ. ಆಗಲೂ ಎಲ್ಲಿಂದಲೋ ಕೀ ಹುಡುಕಿ ತರಬೇಡಿ. ಡೆಬಿಯನ್-ಆರ್ಕೈವ್-ಕೀರಿಂಗ್ ಎಂಬ ಪ್ಯಾಕೇಜನ್ನು ಡೆಬಿಯನ್‌ನದೇ ತಾಣದಿಂದ ಬೇರೆ ಮಷೀನಿನಲ್ಲಿ ಇಳಿಸಿಕೊಂಡು ಹಾಕಿ. 'ಹ್ಯಾಶ್ ಸಮ್ ಮಿಸ್‌ಮ್ಯಾಚ್' ಬಂದರೆ ಡೌನ್‌ಲೋಡ್ ಅರ್ಧಕ್ಕೆ ಕೆಟ್ಟಿದೆ. /ವಾರ್/ಲಿಬ್/ಆಪ್ಟ್/ಲಿಸ್ಟ್ಸ್ ಒಳಗಿರುವುದನ್ನು ಅಳಿಸಿ ಮತ್ತೆ ಅಪ್‌ಡೇಟ್ ಕೊಡಿ. ಅದರಲ್ಲಿರುವುದು ಇಳಿಸಿಕೊಂಡ ಪಟ್ಟಿಗಳು ಮಾತ್ರ, ಅಳಿಸಿದರೆ ನಷ್ಟವಿಲ್ಲ.

ಇನ್ನು ಕರೆಂಟ್ ಹೋದಾಗ ಆದ ಗಾಯ. ಆಪ್ಟ್ ಪಟ್ಟಿ ನೋಡಿ ಪ್ಯಾಕೇಜ್ ತರುತ್ತದೆ. ನಿಜವಾಗಿ ಹಾಕುವುದು ಅದರ ಕೆಳಗಿರುವ ಡಿಪಿಕೆಜಿ. ಅದು ಎರಡು ಹೆಜ್ಜೆಯಲ್ಲಿ ಕೆಲಸ ಮಾಡುತ್ತದೆ. ಮೊದಲು ಫೈಲುಗಳನ್ನು ಬಿಚ್ಚಿ ಜಾಗಕ್ಕೆ ಇಡುತ್ತದೆ, ಆಮೇಲೆ ಪ್ಯಾಕೇಜಿನ ಸ್ಕ್ರಿಪ್ಟ್ ಓಡಿಸಿ ಬಳಕೆಗೆ ಸಿದ್ಧ ಮಾಡುತ್ತದೆ. ಪ್ರತಿ ಹೆಜ್ಜೆಯನ್ನೂ /ವಾರ್/ಲಿಬ್/ಡಿಪಿಕೆಜಿ ಒಳಗೆ ಬರೆದಿಡುತ್ತದೆ. ನಡುವೆ ಕರೆಂಟ್ ಹೋದರೂ ಎಲ್ಲಿ ನಿಂತಿದ್ದೆ ಎಂದು ಅದಕ್ಕೆ ಗೊತ್ತು. ನಿಮಗೆ ಬಂದ ಸಂದೇಶವೇ ಮುಂದಿನ ಕಮಾಂಡನ್ನೂ ಹೇಳುತ್ತದೆ:

ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ

ಇದಕ್ಕೆ ಇಂಟರ್ನೆಟ್ ಬೇಡ. ಅರ್ಧಕ್ಕೆ ನಿಂತ ಎಲ್ಲವನ್ನೂ ಮುಗಿಸಲು ನೋಡುತ್ತದೆ. ನೀವು ಪೆನ್‌ಡ್ರೈವ್‌ನಿಂದ ಹಾಕಿದ ಡೆಬ್ ಫೈಲಿಗೆ ಬೇರೆ ಪ್ಯಾಕೇಜುಗಳ ಆಸರೆ ಬೇಕಿದ್ದರೆ 'ಡಿಪೆಂಡೆನ್ಸಿ ಪ್ರಾಬ್ಲಮ್ಸ್' ಎಂದು ಅದೊಂದನ್ನು ಬಿಡುತ್ತದೆ. ಆಗ 'ಸುಡೊ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್' ಕೊಡಿ. ಪಟ್ಟಿ ಈಗ ಸರಿಯಾಗಿರುವುದರಿಂದ ಬೇಕಾದ್ದನ್ನು ತಾನೇ ತರುತ್ತದೆ. ಆದರೆ ಎಂಟರ್ ಒತ್ತುವ ಮೊದಲು ಏನೇನು ತೆಗೆಯುತ್ತೇನೆ ಎಂದು ಅದು ತೋರಿಸುವ ಪಟ್ಟಿ ಓದಿ. ಎಲ್‌ಎಕ್ಸ್‌ಡಿಇ ಡೆಸ್ಕ್‌ಟಾಪನ್ನೇ ತೆಗೆಯುತ್ತೇನೆ ಎಂದರೆ 'ಎನ್' ಒತ್ತಿ ನಿಲ್ಲಿಸಿ. ಆ ಡೆಬ್ ಫೈಲ್ ಬೇರೆ ಆವೃತ್ತಿಗೆ ಮಾಡಿದ್ದು ಎಂದರ್ಥ. 'ಸುಡೊ ಡಿಪಿಕೆಜಿ --ರಿಮೂವ್' ಮುಂದೆ ಅದರ ಹೆಸರು ಬರೆದು ಅದೊಂದನ್ನೇ ತೆಗೆಯಿರಿ. ಎಲ್ಲ ಮುಗಿದ ಮೇಲೆ 'ಡಿಪಿಕೆಜಿ --ಆಡಿಟ್' ಕೊಟ್ಟು ನೋಡಿ. ಏನೂ ಬರೆಯದೆ ಸುಮ್ನೆ ಇದ್ದರೆ ಎಲ್ಲ ಚೆನ್ನಾಗಿದೆ.

ಲಾಕ್ ಫೈಲ್ ವಿಷಯ. ಫೈಲ್ ಅಲ್ಲಿದೆ ಎಂದ ಮಾತ್ರಕ್ಕೆ ಬೀಗ ಬಿದ್ದಿದೆ ಎಂದಲ್ಲ. ಆ ಫೈಲ್ ಯಾವಾಗಲೂ ಅಲ್ಲೇ ಇರುತ್ತದೆ. ಓಡುತ್ತಿರುವ ಒಂದು ಪ್ರೋಗ್ರಾಂ ಅದರ ಮೇಲೆ ಹಿಡಿತ ಇಟ್ಟುಕೊಂಡಾಗ ಬೀಗ. ಪ್ರೋಗ್ರಾಂ ಮುಗಿದರೆ, ಸತ್ತರೂ, ಕರ್ನಲ್ (ಲಿನಕ್ಸ್‌ನ ತಿರುಳು) ಆ ಹಿಡಿತ ಬಿಡಿಸುತ್ತದೆ. ಮಷೀನ್ ರೀಸ್ಟಾರ್ಟ್ ಆದ ಮೇಲಂತೂ ಹಳೇ ಬೀಗ ಉಳಿಯುವ ಮಾತೇ ಇಲ್ಲ. ಹಾಗಾಗಿ 'ಕುಡ್ ನಾಟ್ ಗೆಟ್ ಲಾಕ್' ಎಂದು ಬಂದರೆ ನಿಜವಾಗಿಯೂ ಯಾವುದೋ ಕೆಲಸ ನಡೆಯುತ್ತಿದೆ. ಹಿನ್ನೆಲೆಯಲ್ಲಿ ಓಡುವ ಅಪ್‌ಡೇಟ್ ಇರಬಹುದು, ತೆರೆದಿಟ್ಟ ಸಿನಾಪ್ಟಿಕ್ (ಪ್ಯಾಕೇಜ್ ಹಾಕುವ ತಂತ್ರಾಂಶ) ಇರಬಹುದು. ಎನ್270ರಲ್ಲಿ ಅದಕ್ಕೆ ಹೊತ್ತು ಹಿಡಿಯುತ್ತದೆ, ಕಾಯಿರಿ. ಫೈಲ್ ಅಳಿಸಿದರೆ ಎರಡು ಡಿಪಿಕೆಜಿಗಳು ಒಟ್ಟಿಗೆ ಅದೇ ದಾಖಲೆಯ ಮೇಲೆ ಬರೆಯಲು ಶುರು ಮಾಡುತ್ತವೆ. ಈಗಿನ ತೊಂದರೆಗಳಿಗೆಲ್ಲ ಪರಿಹಾರ ಇದೆ. ಆ ದಾಖಲೆ ಕೆಟ್ಟರೆ ರಿಪೇರಿ ನಿಜಕ್ಕೂ ಕಷ್ಟ.

ಇಷ್ಟಾದರೆ ನಿಮಗೆ ಬೇಕಾದ್ದನ್ನು ಇಂದೇ ಹಾಕಿಕೊಳ್ಳಬಹುದು:

ಸುಡೊ ಆಪ್ಟ್ ಇನ್‌ಸ್ಟಾಲ್ ಫಾಂಟ್ಸ್-ಕೆಎನ್‌ಡಿಎ ಐಬಸ್-ಎಂ17ಎನ್ ಐಎಂ-ಕಾನ್ಫಿಗ್

ಮೊದಲನೆಯದು ಕನ್ನಡ ಫಾಂಟ್‌ಗಳ ಕಟ್ಟು. ಲೋಹಿತ್, ಗುಬ್ಬಿ, ನವಿಲು ಅದರಲ್ಲಿ ಬರುತ್ತವೆ. ಎರಡನೆಯದು ಟೈಪಿಂಗ್‌ಗೆ. ಐಎಂ-ಕಾನ್ಫಿಗ್ ಓಡಿಸಿ ಐಬಸ್ ಆರಿಸಿ, ಲಾಗೌಟ್ ಆಗಿ ಮತ್ತೆ ಬನ್ನಿ. ಐಬಸ್-ಸೆಟಪ್‌ನಲ್ಲಿ ಕನ್ನಡದ ಕೆಳಗೆ ಕೆಜಿಪಿ ಸಿಗುತ್ತದೆ. ನುಡಿ ಬಳಸಿ ಅಭ್ಯಾಸ ಇದ್ದರೆ ಬೆರಳಿಗೆ ಅದೇ ಕೀಲಿಗಳು. ಇನ್‌ಸ್ಕ್ರಿಪ್ಟ್ ಕೂಡ ಇದೆ.

ಆದರೆ ಇಲ್ಲಿಗೇ ನಿಲ್ಲಿಸಬೇಡಿ. ಆರ್ಕೈವ್‌ಗೆ ಹೋದ ಆವೃತ್ತಿಗೆ ಡೆಬಿಯನ್‌ನಿಂದ ಭದ್ರತಾ ತಿದ್ದುಪಡಿ ಬರುವುದಿಲ್ಲ. ಇಂಟರ್ನೆಟ್ ಇಲ್ಲದೆ ಟೈಪಿಂಗ್‌ಗೆ ಮಾತ್ರ ಬಳಸುವುದಾದರೆ ಹಾಗೇ ಇರಲಿ ಎನ್ನಬಹುದು. ಬ್ರೌಸರ್ ತೆರೆಯುತ್ತೀರಿ, ಮೇಲ್ ನೋಡುತ್ತೀರಿ, ಮಕ್ಕಳೂ ಮುಟ್ಟುತ್ತಾರೆ ಎಂದಾದರೆ ಮುಂದಿನ ಆವೃತ್ತಿಗೆ ಹೋಗಲೇಬೇಕು.

ಎಲ್ಲಿಯವರೆಗೆ ಹೋಗಬಹುದು ಎಂಬುದು ಪ್ರೊಸೆಸರಿನ ಕೈಯಲ್ಲಿದೆ. ಎನ್270 ಬರೀ 32 ಬಿಟ್. ಅದೇ ಆಟಮ್ ಸಾಲಿನ ಎನ್450ರಂಥವು 64 ಬಿಟ್ ಓಡಿಸಬಲ್ಲವು. ನಿಮ್ಮ ಶಾಲೆಯಲ್ಲಿ ಬೇರೆ ಹಳೇ ಮಷೀನುಗಳಿದ್ದರೆ 'ಎಲ್‌ಎಸ್‌ಸಿಪಿಯು' ಕೊಟ್ಟು 'ಆಪ್-ಮೋಡ್' ಸಾಲು ನೋಡಿ. 64 ಎಂದಿದ್ದರೆ 64 ಬಿಟ್ ಆವೃತ್ತಿಯನ್ನೇ ಹೊಸದಾಗಿ ಹಾಕಿ. ನಿಮ್ಮ ಮಷೀನಿಗೆ ಕೊನೆಯ ನಿಲ್ದಾಣ ಡೆಬಿಯನ್ 12, ಬುಕ್‌ವರ್ಮ್. 2025ರ ಆಗಸ್ಟ್ 9ರಂದು ಬಂದ ಡೆಬಿಯನ್ 13ಕ್ಕೆ 32 ಬಿಟ್ ಪಿಸಿಯ ಇನ್‌ಸ್ಟಾಲರೂ ಇಲ್ಲ, ಕರ್ನಲ್ಲೂ ಇಲ್ಲ. ಬುಕ್‌ವರ್ಮ್‌ನ ದೀರ್ಘಾವಧಿ ಬೆಂಬಲ 2028ರ ಜೂನ್ 30ರವರೆಗೆ ಎಂದು ಡೆಬಿಯನ್ ಹೇಳಿದೆ. ಬುಕ್‌ವರ್ಮ್ ಮೇಲೆ ಕಟ್ಟಿದ ಆಂಟಿಎಕ್ಸ್ 23 ಎಂಬ ಲಿನಕ್ಸ್‌ಗೂ 32 ಬಿಟ್ ಆವೃತ್ತಿ ಇದೆ. 1 ಜಿಬಿ ರ‍್ಯಾಮ್‌ಗೆ ಅದು ಇನ್ನೂ ಹಗುರ. ಹೋಮ್ ಫೋಲ್ಡರಿನ ಫೈಲುಗಳನ್ನು ಪೆನ್‌ಡ್ರೈವ್‌ಗೆ ತೆಗೆದಿಟ್ಟು ಹೊಸದಾಗಿ ಹಾಕುವ ಧೈರ್ಯ ಇದ್ದರೆ ನನ್ನ ಆಯ್ಕೆ ಅದೇ.

ಇದ್ದಲ್ಲೇ ಮೇಲೇರುವುದಾದರೆ ಎರಡು ಮೆಟ್ಟಿಲು: ಬಸ್ಟರ್‌ನಿಂದ ಬುಲ್ಸ್‌ಐ (ಡೆಬಿಯನ್ 11), ಬುಲ್ಸ್‌ಐಯಿಂದ ಬುಕ್‌ವರ್ಮ್. ನಡುವಿನ ಮೆಟ್ಟಿಲು ಹಾರಬೇಡಿ, ಡೆಬಿಯನ್ ಅದನ್ನು ಬೆಂಬಲಿಸುವುದಿಲ್ಲ. ಮೊದಲು ಬಸ್ಟರನ್ನೇ 'ಆಪ್ಟ್ ಅಪ್‌ಗ್ರೇಡ್' ಕೊಟ್ಟು ಪೂರ್ತಿ ಹೊಸದು ಮಾಡಿಕೊಳ್ಳಿ. 'ಡಿಎಫ್ -ಎಚ್' ಕೊಟ್ಟು ಡಿಸ್ಕಿನಲ್ಲಿ ಎಷ್ಟು ಜಾಗ ಇದೆ ನೋಡಿ. ಕಡಿಮೆ ಇದ್ದರೆ 'ಆಪ್ಟ್ ಕ್ಲೀನ್' ಮತ್ತು 'ಆಪ್ಟ್ ಆಟೊರಿಮೂವ್' ಹಳೇ ಡೆಬ್ ಫೈಲುಗಳನ್ನೂ ಬೇಡದ ಕರ್ನಲ್‌ಗಳನ್ನೂ ತೆಗೆಯುತ್ತವೆ. ಜಾಗ ಸಾಲದೆ ನಡುವೆ ನಿಂತರೆ ಕರೆಂಟ್ ಹೋದದ್ದಕ್ಕಿಂತ ಕೆಟ್ಟದು.

ಸೋರ್ಸಸ್ ಫೈಲಿನಲ್ಲಿ ಬಸ್ಟರ್ ಇದ್ದಲ್ಲಿ ಬುಲ್ಸ್‌ಐ ಎಂದು ಬರೆದರೆ ಆಯಿತು ಎಂದು ಹೇಳುತ್ತಾರೆ. ಪೂರ್ತಿ ನಿಜವಲ್ಲ. ಸೆಕ್ಯುರಿಟಿ ಸಾಲಿನ ರೂಪ ಅಲ್ಲಿಂದ ಬದಲಾಗಿದೆ. 'ಬಸ್ಟರ್/ಅಪ್‌ಡೇಟ್ಸ್' ಇದ್ದದ್ದು 'ಬುಲ್ಸ್‌ಐ-ಸೆಕ್ಯುರಿಟಿ' ಆಗಬೇಕು. ಸರ್ವರ್ ಹೆಸರನ್ನೂ ಆರ್ಕೈವ್‌ನಿಂದ ಡೆಬ್ ಡಾಟ್ ಡೆಬಿಯನ್ ಡಾಟ್ ಆರ್ಗ್‌ಗೆ ತಿರುಗಿಸಿ. ಬುಲ್ಸ್‌ಐಯ ಬೆಂಬಲ 2026ರ ಆಗಸ್ಟ್ 31ರವರೆಗೆ. ಆಮೇಲೆ ಯಾವಾಗಲೋ ಅದೂ ಆರ್ಕೈವ್‌ಗೆ ಹೋಗುತ್ತದೆ. ಅಲ್ಲಿ 404 ಕಂಡರೆ ಏನು ಮಾಡಬೇಕೆಂದು ನಿಮಗೀಗ ಗೊತ್ತು. ಬುಕ್‌ವರ್ಮ್‌ಗೆ ಹೋಗುವಾಗ ಸಾಲಿನ ಕೊನೆಗೆ 'ನಾನ್-ಫ್ರೀ-ಫರ್ಮ್‌ವೇರ್' ಸೇರಿಸಿ. ವೈಫೈ ಫರ್ಮ್‌ವೇರ್‌ಗಳು ಆ ಆವೃತ್ತಿಯಿಂದ ಅಲ್ಲಿಗೆ ಹೋಗಿವೆ. ಸೇರಿಸದಿದ್ದರೆ ಅವುಗಳ ಹೊಸ ಆವೃತ್ತಿ ನಿಮಗೆ ಸಿಗುವುದಿಲ್ಲ.

ಪ್ರತಿ ಮೆಟ್ಟಿಲಿನಲ್ಲೂ ಮೊದಲು ಅಪ್‌ಡೇಟ್, ಆಮೇಲೆ 'ಆಪ್ಟ್ ಅಪ್‌ಗ್ರೇಡ್ --ವಿತೌಟ್-ನ್ಯೂ-ಪಿಕೆಜಿಎಸ್', ಕೊನೆಗೆ 'ಆಪ್ಟ್ ಫುಲ್-ಅಪ್‌ಗ್ರೇಡ್'. ನಿಮ್ಮಲ್ಲಿ ಕರೆಂಟ್ ಹೋಗುತ್ತದೆ, ನೆಟ್‌ಬುಕ್ ಬ್ಯಾಟರಿಯೂ ಹಳೆಯದು. ಹಾಗಾಗಿ ಇಳಿಸುವುದನ್ನೂ ಹಾಕುವುದನ್ನೂ ಬೇರೆ ಮಾಡಿ. ಎರಡೂ ಅಪ್‌ಗ್ರೇಡ್ ಕಮಾಂಡ್‌ಗಳಿಗೆ ಮೊದಲು ಕೊನೆಯಲ್ಲಿ '--ಡೌನ್‌ಲೋಡ್-ಓನ್ಲಿ' ಸೇರಿಸಿ ಕೊಡಿ. ಆಗ ಫೈಲುಗಳು ಮಾತ್ರ ಇಳಿಯುತ್ತವೆ, ಏನೂ ಬದಲಾಗುವುದಿಲ್ಲ. ಡೇಟಾ ಮುಗಿದರೆ, ಕರೆಂಟ್ ಹೋದರೆ, ಮರುದಿನ ಮತ್ತೆ ಕೊಡಿ. ಇಳಿದಷ್ಟನ್ನು ಬಿಟ್ಟು ಉಳಿದದ್ದನ್ನು ತರುತ್ತದೆ. ಎಲ್ಲ ಇಳಿದ ಮೇಲೆ, ಯುಪಿಎಸ್ ಇರುವ ಕಡೆ ಕೂತು, ಆ ಪದ ತೆಗೆದು ಅದೇ ಕಮಾಂಡ್ ಕೊಡಿ.

ಹಾಕುವಾಗ ಪರದೆ ತುಂಬ ಇಂಗ್ಲಿಷ್ ಬರಹ ಬಂದು ನಿಂತಂತೆ ಕಾಣಬಹುದು. ಹ್ಯಾಂಗ್ ಆಯಿತೆಂದು ಪವರ್ ಬಟನ್ ಒತ್ತಿಬಿಡಬೇಡಿ. ಅದು ಆಪ್ಟ್-ಲಿಸ್ಟ್‌ಚೇಂಜಸ್ ತೋರಿಸುವ ಬದಲಾವಣೆಗಳ ಪಟ್ಟಿ, 'ಕ್ಯು' ಒತ್ತಿದರೆ ಮುಂದೆ ಹೋಗುತ್ತದೆ. ಕಾನ್ಫಿಗ್ ಫೈಲ್ ಬದಲಿಸಲೇ ಎಂದು ಕೇಳಿದರೆ, ಆ ಫೈಲನ್ನು ನೀವು ತಿದ್ದಿದ ನೆನಪಿಲ್ಲದಿದ್ದರೆ 'ವೈ' ಒತ್ತಿ ಹೊಸದನ್ನು ತೆಗೆದುಕೊಳ್ಳಿ. ತಿದ್ದಿದ್ದರೆ ಎಂಟರ್ ಒತ್ತಿ ಹಳೆಯದನ್ನು ಉಳಿಸಿಕೊಳ್ಳಿ. ಶುರು ಮಾಡುವ ಮುಂಚೆ 'ಸ್ಕ್ರಿಪ್ಟ್' ಎಂಬ ಕಮಾಂಡ್ ಕೊಟ್ಟರೆ ಪರದೆಯಲ್ಲಿ ಬಂದದ್ದೆಲ್ಲ 'ಟೈಪ್‌ಸ್ಕ್ರಿಪ್ಟ್' ಎಂಬ ಫೈಲಿನಲ್ಲಿ ಉಳಿಯುತ್ತದೆ. ಎಲ್ಲಾದರೂ ನಿಂತರೆ ಆ ಫೈಲಿನಲ್ಲಿ ಮೊದಲು ಬಂದ 'ಇ' ಸಾಲನ್ನು ಹುಡುಕಿ ಬರೆದು ಕಳಿಸಿ, ಜೊತೆಗೆ ಅದರ ಮೇಲಿನ ಹತ್ತು ಸಾಲುಗಳೂ ಇರಲಿ.